ಗುಡ್ಡದಿಂದ ಎರಡು ಕೂಗು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹೆಸರು ಹಿಡಿದು ಕರೆಯುವುದೆಲ್ಲ ಅಂಗಳದ ಒಳಗೆ ಮಾತ್ರ. ಅಂಗಳ ದಾಟಿದರೆ ಎಲ್ಲರಿಗೂ ಒಂದೇ ಕರೆ: ‘ಕೂ…’. ಗದ್ದೆಯಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯುವಾಗ ಅಮ್ಮ ಅಂಗಳದ ಮೂಲೆಯಲ್ಲಿ ನಿಂತು, ಬಾಯಿಯ ಎರಡೂ ಬದಿಗೆ ಅಂಗೈ ಹಿಡಿದು ಉದ್ದಕ್ಕೆ ಒಂದು ಕೂ ಹಾಕುತ್ತಿದ್ದಳು. ಕೊನೆಯಲ್ಲಿ ಸ್ವರ ಸಣ್ಣದಾಗಿ ಮೇಲಕ್ಕೇರುತ್ತಿತ್ತು. ಆ ಕಡೆಯಿಂದ ಅಪ್ಪ ‘ಓ’ ಎನ್ನುತ್ತಿದ್ದರು. ಅಲ್ಲಿಗೆ ಅನ್ನ ಬಡಿಸಬಹುದು ಎಂದು ಅರ್ಥ. ಅಮ್ಮನಿಂದ ಅಕ್ಕನೂ ನಾನೂ ಅದೇ ಕೂ ಕಲಿತಿದ್ದೆವು.

ತೋಡಾರಿನ ಒಳಬದಿಯಲ್ಲಿತ್ತು ನಮ್ಮ ಮನೆ. ಎದುರಿಗೆ ನಾಲ್ಕು ಗದ್ದೆ, ಪಕ್ಕದಲ್ಲಿ ಬಾವಿ, ಬಸಳೆಯ ಚಪ್ಪರ, ಮೂರು ದನಗಳ ಹಟ್ಟಿ. ಹಟ್ಟಿಯ ಬೆನ್ನಿಗೇ ಗುಡ್ಡ. ಅಷ್ಟು ಸಣ್ಣ ಜಾಗದಲ್ಲಿ ನಮಗಿಂತ ಹೆಚ್ಚು ಮಂದಿ ಬೇರೆಯವರೇ ವಾಸವಾಗಿದ್ದರು. ಸೌದೆ ರಾಶಿಯಲ್ಲಿ ಚೇಳು, ಹಟ್ಟಿಯ ಮಾಡಿನಲ್ಲಿ ಇಲಿ ಹುಡುಕುವ ಕೇರೆಹಾವು, ಗೇರುಮರದ ಎಲೆ ಹೊಲಿದುಕೊಂಡು ಕುಳಿತ ಕೆಂಪಿರುವೆ. ಕೈ ಹಾಕುವ ಮೊದಲು ಕೋಲು ಹಾಕಬೇಕು ಎಂಬುದನ್ನು ನಾವು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆವು.

ಗುಡ್ಡದ ವಿಷಯದಲ್ಲಿ ಮಾತ್ರ ಇನ್ನೊಂದು ಕಟ್ಟಳೆ ಇತ್ತು. ಅದು ನಮ್ಮ ಅಜ್ಜಿಯದ್ದು.

“ಗುಡ್ಡೆಯಿಂದ ಕೂ ಕೇಳಿದರೆ ಒಂದಕ್ಕೆ ಓ ಹೇಳಬೇಡಿ. ಎರಡಕ್ಕೂ ಬೇಡ. ಮೂರು ಸಲ ಕರೆದರೆ ಮನುಷ್ಯರು. ಕುಲೆ ಮೂರನೇ ಸಲ ಕರೆಯುವುದಿಲ್ಲ.”

ಕುಲೆ ಎಂದರೆ ಸತ್ತ ಮೇಲೂ ಹೋಗದೆ ಇಲ್ಲೇ ಸುಳಿಯುವವರು. ಓ ಎಂದವರ ಬೆನ್ನಿಗೆ ಅವು ಮನೆಯೊಳಗೆ ಬರುತ್ತವಂತೆ.

ಅಕ್ಕನಿಗೆ ನಗು. “ಅದಕ್ಕೆ ಎರಡರ ಮೇಲೆ ಲೆಕ್ಕ ಬರುವುದಿಲ್ವಾ ಅಜ್ಜಿ? ಕುಲೆಯನ್ನು ಶಾಲೆಗೆ ಕಳಿಸುವಾ?”

“ನಗು, ನಗು. ಬಾಯಲ್ಲಿ ಹಲ್ಲು ಉಂಟಲ್ಲ, ನಗು,” ಎಂದು ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು.

ಆ ವರ್ಷ ಮಳೆ ಹಿಂದೆ ಸರಿದು ಭತ್ತದ ತೆನೆ ಬಾಗುವ ಹೊತ್ತಿಗೆ ಗುಡ್ಡದಿಂದ ಕೂ ಕೇಳಿತು. ನಡು ಮಧ್ಯಾಹ್ನ. ನಮ್ಮ ನೆರಳು ನಮ್ಮ ಪಾದದ ಕೆಳಗೇ ಅಡಗುವ ಹೊತ್ತು. ಕೋಳಿಗಳು ಕೂಡ ಸದ್ದಿಲ್ಲದೆ ಹಟ್ಟಿಯ ನೆರಳಿಗೆ ಸೇರಿದ್ದವು. ಕೇಳಿದ್ದು ಅಮ್ಮನ ಕೂ. ಕೊನೆಯಲ್ಲಿ ಮೇಲಕ್ಕೇರುವ ಅದೇ ಸಣ್ಣ ಸ್ವರ. ಆದರೆ ಅಮ್ಮ ನನ್ನ ಎದುರಿಗೇ ಒಲೆಯ ಬುಡದಲ್ಲಿ ಕುಳಿತು ಗಂಜಿ ಕದಡುತ್ತಿದ್ದಳು. ಅವಳ ಸೌಟು ನಿಂತಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮರುದಿನವೂ ಕೇಳಿತು. ಅಪ್ಪ ಕತ್ತಿ ಹಿಡಿದು ಗುಡ್ಡ ಹತ್ತಿ ಬಂದರು. “ಯಾರೂ ಇಲ್ಲ,” ಎಂದರು. ಅಷ್ಟು ಹೇಳಿ, ಯಾವತ್ತಿಗಿಂತ ಹೆಚ್ಚು ಹೊತ್ತು ಕಾಲಿಗೆ ನೀರು ಹೊಯ್ದುಕೊಂಡರು. ಹೀಗೆ ಐದು ದಿನ. ಒಮ್ಮೊಮ್ಮೆ ಒಂದು ಕೂಗು, ಒಮ್ಮೊಮ್ಮೆ ಎರಡು. ಮೂರು ಒಂದು ದಿನವೂ ಇಲ್ಲ. ಹೊಸ್ತಿಲ ಬಳಿ ಮಲಗುತ್ತಿದ್ದ ನಮ್ಮ ನಾಯಿ ಆ ಕೂಗಿಗೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಯಾರಿಗೂ ಕಾಣದ್ದು ನಾಯಿಗೆ ಕಾಣುತ್ತದೆ ಎನ್ನುತ್ತಿದ್ದರು; ಅದೂ ಗುರುತಿನವರ ಸ್ವರ ಕೇಳಿದ ಹಾಗೆ ಸುಮ್ಮನೆ ಮಲಗಿದ್ದು ನನಗೆ ಇನ್ನೂ ಹೆಚ್ಚು ಹೆದರಿಕೆ ತಂದಿತ್ತು.

ಆರನೆಯ ದಿನ ಅಪ್ಪ ಮೂಡುಬಿದಿರೆಗೆ ಹೋಗಿದ್ದರು. ಅಮ್ಮ ಕೆಳಗಿನ ಗದ್ದೆಯಲ್ಲಿ ಗಿಳಿ ಓಡಿಸುತ್ತಿದ್ದಳು. ಹಟ್ಟಿಗೆ ಹಾಸಲು ಸೊಪ್ಪು ಬೇಕಿತ್ತು.

“ಇವತ್ತು ಬೇಡ ಮಗಾ,” ಎಂದಳು ಅಜ್ಜಿ.

“ದನಕ್ಕೆ ಕುಲೆಯ ಕತೆ ಹೇಳಿ ಮಲಗಿಸ್ತೀರಾ ಅಜ್ಜಿ? ಬಿಸಿಲೇರುವ ಮೊದಲು ಬರ್ತೇನೆ,” ಎಂದು ಅಕ್ಕ ಕತ್ತಿ ಹಿಡಿದು ಹೋದಳು. ಬಿಸಿಲೇರಿತು, ಅವಳು ಬರಲಿಲ್ಲ.

ಅಜ್ಜಿಯೂ ನಾನೂ ಜಗಲಿಯಲ್ಲಿ ಒಣಗಿದ ಅಲಸಂಡೆ ಸುಲಿಯುತ್ತಿದ್ದೆವು. ಆಗ ಕೂ ಬಂತು. ಎಂದಿನಂತಲ್ಲ, ಸ್ವಲ್ಪ ಒರಟು, ಕೊನೆಯಲ್ಲಿ ತುಂಡಾದ ಹಾಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಅಂಗೈ ಬಂದು ಮುಚ್ಚಿತು. ಅದರಲ್ಲಿ ಸುಣ್ಣದ, ವೀಳ್ಯದೆಲೆಯ ವಾಸನೆ.

“ಒಂದು,” ಎಂದಳು ಅಜ್ಜಿ.

ಇನ್ನೊಂದು ಬಂತು. ಮಡಕೆಯೊಳಗಿನಿಂದ ಯಾರೋ ಕರೆದ ಹಾಗೆ, ತಗ್ಗಿದ ಸ್ವರ.

“ಎರಡು. ಅಕ್ಕ ಆದರೆ ಇನ್ನೊಮ್ಮೆ ಕರೆಯುತ್ತಾಳೆ. ತಡಿ.”

ಕಾದೆವು. ಅಜ್ಜಿಯ ಮಡಿಲಲ್ಲಿದ್ದ ಬಿದಿರಿನ ಗೆರಸೆಯಿಂದ ಒಂದು ಬೀಜ ಉರುಳಿ ಮೆಟ್ಟಿಲು ಇಳಿದು ಅಂಗಳಕ್ಕೆ ಬಿತ್ತು. ಒಂದೊಂದು ಮೆಟ್ಟಿಲ ಸದ್ದೂ ಕೇಳಿತು. ಗುಡ್ಡದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಮೂರನೆಯ ಕೂಗು ಬರಲಿಲ್ಲ.

“ನೋಡಿದೆಯಾ? ಅದೇ,” ಎಂದು ಅಜ್ಜಿ ಉಸಿರು ಬಿಟ್ಟು ಕೈ ತೆಗೆದಳು.

ಆಗ ಟಪ್, ಟಪ್ ಎಂದು ಸದ್ದು. ನಾಯಿ ತಲೆಯೆತ್ತಿ ಗುಡ್ಡದ ಕಡೆ ನೋಡುತ್ತಿತ್ತು. ಅದರ ಬಾಲ ನೆಲಕ್ಕೆ ಬಡಿಯುತ್ತಿತ್ತು. ಹಾಗೆ ಅದು ಬಾಲ ಬಡಿಯುತ್ತಿದ್ದದ್ದು ಒಬ್ಬಳಿಗೆ ಮಾತ್ರ, ದಿನಾ ಮೀನಿನ ತಲೆ ಹಾಕುತ್ತಿದ್ದ ಅಕ್ಕನಿಗೆ.

“ಅಜ್ಜೀ, ನಾಯಿ ಬಾಲ ಆಡಿಸ್ತಾ ಉಂಟು.”

ಅಜ್ಜಿಯ ಮಡಿಲಿನ ಗೆರಸೆ ಕವುಚಿ ಬಿತ್ತು.

ನಾನು ಹಟ್ಟಿಯ ಹಿಂದಿನಿಂದ ಗುಡ್ಡ ಹತ್ತಿದೆ. ನಾಯಿ ನನಗಿಂತ ಮುಂದೆ ಓಡಿ, ಕುಂಯ್ ಎಂದು ಚೀರಿ ಅಷ್ಟೇ ವೇಗದಲ್ಲಿ ಕೆಳಗೆ ಓಡಿತು. ಆಮೇಲೆ ನನಗೆ ಆ ಸದ್ದು ಕೇಳಿತು. ಗುಡ್ಡವೇ ಬಾಯಿ ಮುಚ್ಚಿಕೊಂಡು ಗುನುಗಿದಂಥ ಸದ್ದು. ಪೊದೆಯಲ್ಲಿ ಬೂದುಬಣ್ಣದ ಮಡಕೆಯಷ್ಟು ದೊಡ್ಡ ಗೂಡು, ಕತ್ತಿ ತಾಗಿ ಸೀಳಿತ್ತು. ಹೊಟ್ಟೆಗೆ ಅರಸಿನದ ಪಟ್ಟಿ ಕಟ್ಟಿದ ಕಪ್ಪು ಕಣಜದ ಹುಳಗಳು ಸುತ್ತುತ್ತಿದ್ದವು. ಅದರ ಆಚೆ ಸೊಪ್ಪಿನ ರಾಶಿಯೊಳಗೆ ತಲೆ ತುರುಕಿ ಅಕ್ಕ ಬೋರಲು ಬಿದ್ದಿದ್ದಳು.

“ಕಣಜ! ಅಜ್ಜೀ, ಕಣಜ!” ಎಂದು ಕೂಗಿದೆ.

ಅಜ್ಜಿ ಹಟ್ಟಿಯ ಗೋಡೆಯಿಂದ ಗೊರಬೆ ಕಿತ್ತುಕೊಂಡು ಬಂದಳು. ಮಳೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ತಲೆಯಿಂದ ಸೊಂಟದವರೆಗೆ ಕವುಚಿಕೊಳ್ಳುವ, ತಾಳೆಗರಿಯ ದೋಣಿಯಂಥದ್ದು ಅದು. ಅವಳೇ ಹೊದ್ದು ಬಗ್ಗಲು ನೋಡಿದಳು. ಮೊಣಕಾಲು ಮಡಚಲಿಲ್ಲ. ನನ್ನನ್ನು ನೋಡಿದಳು. ನಾನೇ ಅದರ ಕೆಳಗೆ ನುಸುಳಿದೆ.

“ಓಡಬೇಡ. ಕೈ ಬೀಸಬೇಡ. ಆಮೆಯ ಹಾಗೆ ಹೋಗು ಮಗಾ.”

ಆಮೆಯ ಹಾಗೆ ಹೋದೆ. ಗೊರಬೆಯ ಮೇಲೆ ಹುಳಗಳು ಬಂದು ಬಡಿಯತೊಡಗಿದವು, ಮೊದಲ ಮಳೆಯ ದಪ್ಪ ಹನಿಗಳು ಬಿದ್ದಂತೆ. ಮೀನಖಂಡಕ್ಕೆ ಕೆಂಡ ಇಟ್ಟ ಹಾಗೆ ಎರಡು ಕಡೆ ಕಚ್ಚಿದವು. ಅಕ್ಕನ ಪಕ್ಕಕ್ಕೆ ಸೇರಿ ಗೊರಬೆಯನ್ನು ಇಬ್ಬರಿಗೂ ಎಳೆದುಕೊಂಡೆ. ಅವಳು ನನ್ನ ಕಡೆ ಮುಖ ತಿರುಗಿಸಿದಳು. ಅದು ಅಕ್ಕನ ಮುಖವಾಗಿರಲಿಲ್ಲ. ಕಣ್ಣಿದ್ದ ಜಾಗದಲ್ಲಿ ಎರಡು ಗೆರೆ. ತುಟಿ, ನಾಲಗೆ ಊದಿ ಬಾಯಿ ತುಂಬಿತ್ತು. ಮೂರನೆಯ ಕೂಗು ಎಲ್ಲಿ ನಿಂತಿತೆಂದು ಆಗ ತಿಳಿಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು.

ಅಷ್ಟರಲ್ಲಿ ನಮ್ಮ ತಲೆಯ ಮೇಲೆಯೇ, ಕೈಗೆಟಕುವಷ್ಟು ಹತ್ತಿರದಲ್ಲಿ, ‘ಕೂ…’ ಎಂದು ಕೇಳಿತು. ಅಮ್ಮನ ಸ್ವರ. ಅಕ್ಕ ನನ್ನ ಕೈಯಲ್ಲಿದ್ದಾಳೆ, ಅಮ್ಮ ಗದ್ದೆಯಲ್ಲಿದ್ದಾಳೆ, ಹಾಗಾದರೆ ಮರದಲ್ಲಿ ಯಾರು? ಗೊರಬೆಯ ಸಂದಿನಿಂದ ಕಣ್ಣು ಮೇಲೆತ್ತಿದೆ. ಕೊಂಬೆಯ ಮೇಲೆ ಮಿರುಗುವ ಕಪ್ಪು ಹಕ್ಕಿ, ಬಾಲದಿಂದ ಇಳಿಬಿದ್ದ ಎರಡು ಉದ್ದ ತಂತಿ, ತುದಿಗೆ ಸಣ್ಣ ಸೌಟಿನಂಥ ಗರಿ. ಭೀಮರಾಜ. ಅದು ಕೊರಳುಬ್ಬಿಸಿ ಇನ್ನೊಮ್ಮೆ ಅಮ್ಮನ ಕೂ ಹಾಕಿತು. ಆಮೇಲೆ ನಮ್ಮ ಬೆಕ್ಕಿನಂತೆ ಮಿಯಾಂವ್ ಎಂದಿತು.

ಕೆಳಗಿನಿಂದ ಅಜ್ಜಿಯ ಸ್ವರ ಬಂತು. ಅವಳಿಗೆ ಹಕ್ಕಿ ಕಂಡಿರಲಿಲ್ಲ. ಮೊದಲ ಕೂಗಿಗೇ, ಗಂಟಲು ಹರಿಯುವ ಹಾಗೆ, “ಓ… ಓ… ಇಲ್ಲೇ ಇದ್ದೇನೆ ಮಗಾ, ಓ…” ಎನ್ನುತ್ತಿದ್ದಳು. ಆ ಓ ಬಂದ ದಿಕ್ಕಿಗೇ ನಾವಿಬ್ಬರೂ ಒಂದೇ ಚಿಪ್ಪಿನ ಕೆಳಗೆ ತೆವಳಿ ಇಳಿದೆವು.

ಗಲಾಟೆ ಕೇಳಿ ಅಮ್ಮ ಓಡಿ ಬಂದಳು. ಅಕ್ಕನನ್ನು ಬೆನ್ನಿಗೆ ಹಾಕಿಕೊಂಡೇ ರಸ್ತೆ ತಲುಪಿದಳು. ಸಿಕ್ಕಿದ ಜೀಪಿನಲ್ಲಿ ಮೂಡುಬಿದಿರೆಯ ಆಸ್ಪತ್ರೆ. ಎರಡು ದಿನ ಅಕ್ಕ ಕಣ್ಣು ಬಿಡಲಿಲ್ಲ. ಆ ಎರಡು ದಿನ ಅಜ್ಜಿ ವೀಳ್ಯ ಹಾಕಲಿಲ್ಲ.

ಮೂರನೆಯ ದಿನ ಒಂದು ಕಣ್ಣು ಸ್ವಲ್ಪ ತೆರೆಯಿತು. “ನಾನು ಎರಡು ಸಲ ಕರೆದೆ,” ಎಂದಳು ಅಕ್ಕ, ತೊದಲಿ. “ಯಾರಿಗೂ ಕೇಳಲಿಲ್ವಾ?”

ನಾನು ನೆಲ ನೋಡಿದೆ. ಇಲ್ಲ ಎಂದುಬಿಡಬಹುದಿತ್ತು.

“ಕೇಳಿತ್ತು ಮಗಾ,” ಎಂದಳು ಅಜ್ಜಿ. “ನಾನು ಇವಳ ಬಾಯಿ ಮುಚ್ಚಿದೆ.”

ಅಕ್ಕ ಆ ಒಂದು ಕಣ್ಣನ್ನು ಅಜ್ಜಿಯ ಕಡೆ ತಿರುಗಿಸಿದಳು. “ಹಾಗಾದರೆ ನನ್ನನ್ನು ಕುಲೆ ಮಾಡಿದಿರಿ.”

“ಈಗ ನೋಡಿದರೆ ಹಾಗೇ ಕಾಣ್ತಿ,” ಎಂದೆ ನಾನು. ಊದಿದ ಆ ಮುಖದಲ್ಲಿ ನಗು ಎಲ್ಲಿಂದ ಹೊರಬರಬೇಕೆಂದು ದಾರಿ ಹುಡುಕಿತು. ಅಜ್ಜಿ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಭೀಮರಾಜ ಕೂ ಹಾಕುವುದನ್ನು ಬಿಡಲಿಲ್ಲ. ಅದು ಹಕ್ಕಿ ಎಂದು ಅಜ್ಜಿಗೂ ಗೊತ್ತಾಗಿತ್ತು. ಆದರೂ ತಾನು ಇರುವಷ್ಟು ಕಾಲ ಪ್ರತಿ ಮಧ್ಯಾಹ್ನ ಜಗಲಿಯಿಂದ ಅದಕ್ಕೆ ಓ ಎನ್ನುತ್ತಿದ್ದಳು. “ಹಕ್ಕಿಗೆ ಓ ಹೇಳಿದರೆ ನಷ್ಟ ಎಂತ?” ಎನ್ನುತ್ತಿದ್ದಳು. ಈಗಲೂ ಆ ಗುಡ್ಡದಲ್ಲಿ ಒಮ್ಮೊಮ್ಮೆ ಆ ಕೂ ಕೇಳುತ್ತದೆ. ಹಕ್ಕಿಯಿಂದ ಹಕ್ಕಿ ಕಲಿತಿರಬೇಕು. ಅಮ್ಮ ಇಲ್ಲ, ಅಮ್ಮನ ಸ್ವರ ಉಂಟು.

ಮೊಮ್ಮಕ್ಕಳೇ, ನಿಮಗೆ ಯಾರೂ ಕೂ ಹಾಕಿ ಕರೆಯುವುದಿಲ್ಲ. ನಿಮ್ಮದು ಫೋನು. ಗೊತ್ತಿಲ್ಲದ ನಂಬರ್ ಕಂಡರೆ ನೀವು ತಟ್ಟನೆ ಮಗುಚಿ ಇಡುತ್ತೀರಿ. “ಬೇಕಾದರೆ ಇನ್ನೊಮ್ಮೆ ಮಾಡ್ತಾರೆ ಅಜ್ಜಿ,” ಎನ್ನುತ್ತೀರಿ. ಮೋಸದ ಕರೆಗಳೂ ಇರುತ್ತವೆ ಎಂದು ನಿಮ್ಮ ಅಪ್ಪ ಹೇಳಿಕೊಟ್ಟ ಕಟ್ಟಳೆ ಅದು, ತಪ್ಪು ಎನ್ನಲಾರೆ. ನಾನು ಮಾತ್ರ ಮೊದಲ ರಿಂಗಿಗೇ ಓ ಎನ್ನುತ್ತೇನೆ, ನೀವು ನಗುತ್ತೀರಿ.

ವಿಟ್ಲದಿಂದ ನಿಮ್ಮ ದೊಡ್ಡಜ್ಜಿ, ಅಂದರೆ ನನ್ನ ಅಕ್ಕ, ದಿನಾ ಮಧ್ಯಾಹ್ನ ಫೋನ್ ಮಾಡುವುದು ನಿಮಗೆ ಗೊತ್ತಲ್ಲ. ಹಲೋ ಎನ್ನುವುದಿಲ್ಲ ಅವಳು. ‘ಕೂ…’ ಎನ್ನುತ್ತಾಳೆ, ಒಂದೇ ಸಲ. ಎರಡನೆಯದಕ್ಕೆ ನಾನು ಈವರೆಗೆ ಎಡೆ ಕೊಟ್ಟಿಲ್ಲ.