ಬಿಲ್ಲಿನ ಬೆನ್ನು ಯಾವ ಕಡೆ

ನನ್ನ ಗಂಡನ ತೋಳುಗಳ ಬಗ್ಗೆ ಮೊದಲು ಹೇಳದೆ ಬಿಲ್ಲಿನ ವಿಷಯಕ್ಕೆ ಬರುವ ಹಾಗಿಲ್ಲ. ದಾದರ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅವರು ಹದಿನಾಲ್ಕು ವರ್ಷ ಇಡ್ಲಿ ದೋಸೆಗಳ ಹಿಟ್ಟು ರುಬ್ಬಿದವರು. ಸೊಂಟದೆತ್ತರದ ಕಲ್ಲು, ಅದರಲ್ಲಿ ಎರಡು ಕೈಯ ಗುಂಡು. ಹೊಸ ಅಂಗಿ ತಂದರೆ ತೋಳಿನ ಹೊಲಿಗೆ ಬಿಚ್ಚಿ, ಪಟ್ಟಿ ಸೇರಿಸಿ ಮತ್ತೆ ಹೊಲಿಯುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕ ಶುರುವಾದ ಮೇಲೆ ಹೋಟೆಲಿಗೆ ಕರೆಂಟಿನ ಗ್ರೈಂಡರ್ ಬಂತು. ಇವರನ್ನು ಟೋಕನ್ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಮನೆಗೆ ಬಂದರೆ ತೋಳುಗಳನ್ನು ಎಲ್ಲಿಡುವುದೆಂದು ತಿಳಿಯದವರ ಹಾಗೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು.

ಅಂಥ ದಿನಗಳಲ್ಲಿ ಕಿಂಗ್ ಸರ್ಕಲ್ ಫುಟ್‌ಪಾತಿನಿಂದ ಚಿತ್ರಗಳು ಚೆನ್ನಾಗಿವೆಯೆಂದು ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ತಂದರು. ಅದರ ನಡುವಿನ ನಾಲ್ಕು ಪುಟಗಳಲ್ಲಿ ಮರದ ಹಲಗೆಯಿಂದ ಆಳೆತ್ತರದ ಬಿಲ್ಲು ಮಾಡುವುದು ಹೇಗೆಂದು ಬರೆದಿತ್ತು. ಇವರಿಗೆ ಇಂಗ್ಲಿಷ್ ಓದಲು ಬಾರದು. ನನ್ನದು ಮೆಟ್ರಿಕ್‌ನ ಇಂಗ್ಲಿಷ್. ಎಪ್ಪತ್ತು ಪೌಂಡ್ ಎಳೆತದ ಬಿಲ್ಲು, ಸಾಧಾರಣ ಜನರಿಂದ ಇದನ್ನು ಎಳೆಯಲಾಗದು ಎಂಬ ಸಾಲನ್ನು ಓದಿ ಹೇಳಿದೆ. ಎಪ್ಪತ್ತು ಪೌಂಡ್ ಅಂದರೆ ಮೂವತ್ತೆರಡು ಕಿಲೋ ಆಗುತ್ತದೆ.

"ಸಾಧಾರಣದವರಿಗೆ ಆಗುದಿಲ್ವಂತಾ? ಹಾಗಾದ್ರೆ ಅದು ನನಗೇ ಬರೆದದ್ದು ಮಾರಾಯ್ತಿ" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ವಡಾಲದ ನಮ್ಮ ಚಾಳಿನ ಮೆಟ್ಟಿಲ ಪಕ್ಕದಲ್ಲಿ ತಗಡಿನ ಶೆಡ್ ಹಾಕಿಕೊಂಡು ಗದಗಿನ ಕಡೆಯ ಒಬ್ಬ ಮುಸಲ್ಮಾನ ಮಿಸ್ತ್ರಿ ಇದ್ದರು. ಒಂದು ಕಾಲದಲ್ಲಿ ಬಾಗಿಲು, ತೊಟ್ಟಿಲು, ಕಟ್ಟಿಗೆಯ ಹೂಬಳ್ಳಿ ಎಲ್ಲ ಮಾಡಿದವರು. ನಾವು ಬರುವ ಹೊತ್ತಿಗೆ ಬಂದರಿಗೆ ಹೋಗುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದಷ್ಟೇ ಉಳಿದಿತ್ತು. ಒಂದು ಕಣ್ಣಿಗೆ ಪೊರೆ ಬರತೊಡಗಿತ್ತು. ಚೆಂಬೂರಿನ ರಿಫೈನರಿಯಲ್ಲಿ ಕೆಲಸಕ್ಕಿದ್ದ ಮಗ, ಸಾಕು, ಬಂದು ಮನೆಯಲ್ಲಿ ಕೂತು ಉಣ್ಣಿ ಎಂದು ವರ್ಷದಿಂದ ಕರೆಯುತ್ತಿದ್ದ. ಇವರು ನನ್ನನ್ನೂ ಕರೆದುಕೊಂಡು ಪತ್ರಿಕೆ ಹಿಡಿದು ಹೋದಾಗ ಮಿಸ್ತ್ರಿ ಚಿತ್ರಗಳನ್ನು ಮೂಗಿನ ತುದಿಗೆ ತಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ಬಗ್ಗಿತಂದ್ರ ನನ್ನ ಕೈ ಇನ್ನಾ ಐತಿ ಅಂತ ತಿಳೀತೀನ್ರಿ ಭಾಬಿ. ಮುರೀತಂದ್ರ ಕರಗಸ ಯಾರಿಗರ ಕೊಟ್ಟು ಮಗನ ಮನಿಗೆ ಹೋಗಿ ಕುಂದರತೀನಿ."

ತಮಾಷೆಗೆ ಹೇಳಿದ್ದಲ್ಲವೆಂದು ಆಗಲೇ ಗೊತ್ತಾಗಿತ್ತು.

ಹಲಗೆ ಸಿಕ್ಕಿದ್ದು ಬಂದರಿನ ಪಕ್ಕದ ದಾರುಖಾನಾದ ಮರದ ರಾಶಿಗಳಲ್ಲಿ. ಯಾವುದೋ ದೇಶದಿಂದ ಯಂತ್ರ ಕಟ್ಟಿಕೊಂಡು ಬಂದ ಪೆಟ್ಟಿಗೆಯ ಹಲಗೆ. ಮರದ ಹೆಸರು ಮಾರುವವನಿಗೂ ತಿಳಿಯದು. ಮಿಸ್ತ್ರಿ ಅರ್ಧ ದಿನ ಒಂದೊಂದೇ ಹಲಗೆ ಎತ್ತಿ ಅದರ ನಾರು ನೋಡಿದರಂತೆ. ನಾರಿನ ಗೆರೆ ಈ ತುದಿಯಲ್ಲಿ ಹೊರಟರೆ ಆ ತುದಿಯವರೆಗೆ ಅಂಚಿಗೆ ಓಡಿ ಹೋಗದೆ ಹಾದಿ ಬಿಡದೆ ಸಾಗಬೇಕು. ಅಂಥದ್ದು ಇಡೀ ರಾಶಿಯಲ್ಲಿ ಒಂದೇ. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ತಂದು ಉದ್ದಕ್ಕೆ ಎರಡಾಗಿ ಸೀಳಿದರು. ಎರಡು ಬಿಲ್ಲಿಗಾಗುವಷ್ಟು ಮರ, ಅಷ್ಟೇ.

ನಾನು ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತ ಕೂತು ಓದಿ ಹೇಳುವುದು, ಮಿಸ್ತ್ರಿ ಉಜ್ಜುವುದು. ಪತ್ರಿಕೆಯಲ್ಲಿ ಒಂದು ವಾಕ್ಯಕ್ಕೆ ಕೆಳಗೆ ಗೆರೆ ಎಳೆದ ಹಾಗೆ ದಪ್ಪ ಅಕ್ಷರವಿತ್ತು: ಬಿಲ್ಲಿನ ಬೆನ್ನನ್ನು ಯಾವ ಹತ್ಯಾರದಿಂದಲೂ ಮುಟ್ಟಬೇಡಿ, ತೆಗೆಯುವುದೆಲ್ಲ ಹೊಟ್ಟೆಯ ಕಡೆಯಿಂದ. ಬಿಲ್ಲಿಗೆ ಬೆನ್ನು ಯಾವ ಕಡೆ ಎಂದು ಮಿಸ್ತ್ರಿ ಕೇಳಿದರು. ಅದನ್ನೇನು ಕೇಳುವುದು ಎನ್ನುವ ಹಾಗೆ ನಾನು, ಎಳೆಯುವವನ ಕಡೆ ಇರುವುದೇ ಬೆನ್ನು, ಎದುರಿನ ಕಡೆ ಹೊಟ್ಟೆ, ಎಂದೆ. ಇವರೂ ದನಿಗೂಡಿಸಿದರು.

"ಮತ್ತೆಂಥ? ಬಿಲ್ಲು ಅಂದ್ರೆ ಯುದ್ಧಕ್ಕೆ ನಿಂತದ್ದು. ಶತ್ರುವಿಗೆ ಬೆನ್ನು ತೋರಿಸುದುಂಟಾ?"

ಮೂವರೂ ಒಪ್ಪಿದೆವು. ಮೂರು ಭಾನುವಾರ ಕೆಲಸ ನಡೆಯಿತು. ಮೊದಲು ಕೀಸುಳಿ, ಆಮೇಲೆ ಅರ, ಕೊನೆಗೆ ಒಡೆದ ಗಾಜಿನ ಚೂರು. ಗಾಜಿನಿಂದ ಕೆರೆದ ಮರ ಹೆರಳಿನ ಕೂದಲಿನಷ್ಟು ತೆಳುವಾಗಿ ಸುರುಳಿಯಾಗಿ ಬೀಳುತ್ತಿತ್ತು. ನನ್ನ ಅಕ್ಕಿಯ ಮೊರಕ್ಕೂ ಹಾರಿ ಬರುತ್ತಿತ್ತು. ಅಷ್ಟು ಗಟ್ಟಿ ಮರದೊಳಗೆ ಇಷ್ಟು ಮೆತ್ತಗಿನದು ಎಲ್ಲಿತ್ತು ಎಂದು ಬೆರಳಲ್ಲಿ ಹಿಡಿದು ನೋಡುತ್ತಿದ್ದೆ.

ನಾಲ್ಕನೆಯ ಭಾನುವಾರ ಮೀನಿನ ಬಲೆಯ ನೂಲನ್ನು ಹೊಸೆದು ಮೇಣ ಸವರಿದ ಹೆದೆ ಕಟ್ಟಿದರು. ಇವರು ಎಳೆದರು. ಅರ್ಧಕ್ಕೆ ಬಂದಿರಬೇಕು, ಹೊರಮೈಯಲ್ಲಿ ಒಂದು ಸಿಬಿರು ಎದ್ದು ನಿಂತದ್ದನ್ನು ಕಂಡೆ. ಬಾಯಿ ತೆರೆಯುವಷ್ಟರಲ್ಲಿ ಬಿಲ್ಲು ಎರಡಾಯಿತು. ಆ ಸದ್ದಿಗೆ ಮೂರನೇ ಮಾಳಿಗೆಯವರೂ ಗ್ಯಾಲರಿಗೆ ಬಂದರು.

ಇವರ ಕೈಗೆ ಏನೂ ಆಗಿರಲಿಲ್ಲ. ಮಿಸ್ತ್ರಿ ಎರಡು ತುಂಡುಗಳನ್ನೂ ಎತ್ತಿ ಮುರಿದ ಬಾಯಿಯನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. "ಕಟಗಿದೇನೂ ತಪ್ಪಿಲ್ಲ" ಎಂದರು. ಸೋಮವಾರ ಶೆಡ್ ತೆರೆಯಲಿಲ್ಲ. ಬುಧವಾರ ನೋಡಿದರೆ ಹತ್ಯಾರದ ಪೆಟ್ಟಿಗೆಗೆ ಹಗ್ಗ ಬಿಗಿದಿತ್ತು. ಬರುವ ಭಾನುವಾರ ಮಗ ಟೆಂಪೊ ತರುತ್ತಾನೆಂದು ಪಕ್ಕದವರು ಹೇಳಿದರು. ಇವರು ಟೋಕನ್ ಕಿಟಕಿಯ ಕೆಲಸಕ್ಕೆ ಹೋಗಿ ಬಂದು ಸುಮ್ಮನೆ ಗೋಡೆಗೊರಗುತ್ತಿದ್ದರು. ಮುದುಕನಿಗೆ ನಾನೇ ಆಸೆ ಹುಟ್ಟಿಸಿ ಕೆಡಿಸಿದೆ ಎನ್ನುವುದೊಂದೇ ಅವರ ಮಾತು.

ಶುಕ್ರವಾರ ಬೆಳಿಗ್ಗೆ ನೀರು ಹಿಡಿದಾದ ಮೇಲೆ ನೆಲ ಒರೆಸುತ್ತಿದ್ದೆ. ಕೂತು ಒರೆಸಿದರೆ ಮಂಡಿ ನೋಯುತ್ತದೆಂದು ನಾನು ಬಗ್ಗಿ ನಿಂತೇ ಒರೆಸುವವಳು. ಬಾಗಿಲ ಮೂಲೆಗೆ ಕೈ ಚಾಚಿದಾಗ ಸೊಂಟದ ಮೇಲೆ ಛಳಕು ಹೊಡೆಯಿತು. ಹಾಗೆಯೇ ನಿಂತೆ. ಹೊಟ್ಟೆ ಮಡಚಿಕೊಂಡು ಒಳಗೆ, ಬೆನ್ನು ಸೆಳೆದುಕೊಂಡು ಹೊರಗೆ. ಕುಪ್ಪಸದ ಹೊಲಿಗೆ ಬಿಡುವುದೂ ಬೆನ್ನಿನಲ್ಲೇ. ಬಿಲ್ಲು ಯಾರ ಕಡೆ ಬಾಗುತ್ತದೆ? ಎಳೆಯುವವನ ಕಡೆ. ಹಾಗಾದರೆ ಅವನ ಕಡೆ ಇರುವುದು ಹೊಟ್ಟೆ. ಹೊರಗೆ ಸೆಳೆದುಕೊಂಡು ಎಲ್ಲ ಭಾರ ಹೊರುವುದು ಬೆನ್ನು. ಆ ಬೆನ್ನಿನ ನಾರನ್ನೇ ನಾವು ಮೂರು ಭಾನುವಾರ ಕೂತು ಕಡಿದಿದ್ದೆವು.

ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಪತ್ರಿಕೆ ತೆಗೆದು ಓದಿದೆ. ಚಿತ್ರದಲ್ಲಿ ಯಾವುದು ಬೆನ್ನು ಎಂದು ಬಾಣದ ಗುರುತು ಹಾಕಿ ಬರೆದೇ ಇತ್ತು. ನಾನು ಚಿತ್ರ ನೋಡಿರಲಿಲ್ಲ, ಶತ್ರುವಿಗೆ ತೋರಿಸಬಾರದ ಕನ್ನಡದ ಬೆನ್ನನ್ನು ನೋಡಿದ್ದೆ.

ಕೆಳಗಿಳಿದು ಹೋದೆ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ, ಅವರು ನಂಬದೆ ಹೋದರೆ ಎನ್ನುವ ಹೆದರಿಕೆ. ಮಿಸ್ತ್ರಿ ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ತಪ್ಪು ನಿಮ್ಮ ಕೈಯದಲ್ಲ, ನನ್ನ ಇಂಗ್ಲಿಷಿನದು ಎಂದು ಎಲ್ಲವನ್ನೂ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆಂದುಕೊಂಡು ಅವರು ತಲೆಯಾಡಿಸಿದರು. ಬೇರೆ ದಾರಿ ಕಾಣದೆ, ನೆಲ ಒರೆಸುವ ಹಾಗೆ ಅಲ್ಲೇ ಬಗ್ಗಿ ತೋರಿಸಿದೆ.

ಲೋಟ ಕೆಳಗಿಟ್ಟರು. ಎದ್ದು ನಿಂತು ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೂರಿ ನಮಾಜಿನಲ್ಲಿ ಬಾಗುವ ಹಾಗೆ ಮೆಲ್ಲಗೆ ಬಾಗಿದರು. ಆಮೇಲೆ ಒಂದು ಕೈ ಹಿಂದೆ ಒಯ್ದು ತಮ್ಮದೇ ಬೆನ್ನಿನ ಮೇಲೆ ಸವರಿಕೊಂಡರು.

"ಹೌದಲ್ರೀ ಭಾಬಿ. ಇದು ಜಗಳಕ್ಕ ನಿಂತಿದ್ದಲ್ಲ. ಬಾಗಿ ನಿಂತಿದ್ದು."

ಪೆಟ್ಟಿಗೆಯ ಹಗ್ಗದ ಗಂಟು ಬಿಚ್ಚಲು ಬರದೆ ಗಾಜಿನ ಚೂರಿನಿಂದ ಕೊಯ್ದರು. ಭಾನುವಾರ ಟೆಂಪೊ ತಂದ ಮಗ ಶೆಡ್ಡಿನ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ರೇಗಿದ. ಎರಡು ತಿಂಗಳ ಗಡುವು ಕೊಟ್ಟು ಹೋದ.

ಎರಡನೆಯ ಹಲಗೆಗೆ ಒಂದೂವರೆ ತಿಂಗಳು ಹಿಡಿಯಿತು. ಬೆನ್ನಿಗೆ ಉಗುರೂ ತಾಗದ ಹಾಗೆ ಹಳೆಯ ಧೋತರ ಸುತ್ತಿಟ್ಟರು. ಹೊಟ್ಟೆಯ ಕಡೆಯಿಂದ ಸ್ವಲ್ಪ ಕೆರೆಯುವುದು, ಗೋಡೆಯ ಗೂಟಕ್ಕೆ ನಡು ಸಿಕ್ಕಿಸಿ ಹೆದೆಯನ್ನು ಕೆಳಗೆ ಜಗ್ಗಿ ನೋಡುವುದು. ನಡುವಿನಿಂದ ಆಚೀಚೆಯ ಎರಡು ರೆಕ್ಕೆಗಳೂ ಒಂದೇ ಹದಕ್ಕೆ ಬಾಗಬೇಕು. ಬಿರುಸಾಗಿರುವ ಕಡೆ ಕೆರೆಯಬೇಕು, ಬಾಗುವ ಕಡೆ ಸುಮ್ಮನಿರಬೇಕು. ನೋಡುವುದೇ ಹೆಚ್ಚು, ಕೆರೆಯುವುದು ಕಡಿಮೆ. ಮಿಸ್ತ್ರಿ ಒಳ್ಳೆಯ ಕಣ್ಣನ್ನೂ ಮುಚ್ಚಿ ಹೆಬ್ಬೆರಳು ಓಡಿಸುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ನಲ್ಲಿಯ ಸಾಲಿನಿಂದ ನನ್ನ ಎರಡು ಬಾಲ್ದಿ ತರಿಸಿದರು. ತುಂಬಿದರೆ ಒಂದೊಂದೂ ಹದಿನಾರು ಕಿಲೋ, ಎರಡೂ ಸೇರಿ ಪತ್ರಿಕೆಯ ಎಪ್ಪತ್ತು ಪೌಂಡ್. ಗೂಟದ ಮೇಲಿನ ಬಿಲ್ಲಿನ ಹೆದೆಗೆ ಕೊಕ್ಕೆ ಹಾಕಿ ಮೊದಲು ಒಂದು ಬಾಲ್ದಿ ತೂಗುಹಾಕಿದರು. ಮರ ನರಳಿತು, ನಿಂತಿತು. ಎರಡನೆಯದನ್ನು ಇವರು ಅಂಗೈಯಲ್ಲಿ ಹೊತ್ತು ತಂದು ಕೊಕ್ಕೆಗೆ ಸಿಕ್ಕಿಸಿ ಒಂದೊಂದೇ ಬೆರಳು ಬಿಟ್ಟರು. ನೀರಿನ ಸಾಲಿನವರೆಲ್ಲ ಬಂದು ನಿಂತಿದ್ದರು. ಪೆಟ್ಟಿಗೆಯ ಹಲಗೆಯಾಗಿದ್ದದ್ದು, ನೀರೊಳಗೆ ಮೀನು ಹೊರಳುವಾಗ ಬಳುಕುವ ಹಾಗೆ, ಎರಡು ಕಡೆಯೂ ಸರಿಸಮ ಬಾಗಿ, ಪೂರ್ತಿ ಎಳೆತಕ್ಕೆಂದು ಗೋಡೆಯಲ್ಲಿ ಗೀಚಿದ್ದ ಗುರುತಿಗೆ ಬಂದು ನಿಂತಿತು. ಬಾಲ್ದಿಯ ನೀರಿನಲ್ಲಿ ಒಂದು ಅಲೆ ಇಲ್ಲ. ನನಗೆ ದೇವರ ಮುಂದೆ ನಿಂತಾಗಲೂ ಅಷ್ಟು ಕಣ್ಣು ತುಂಬಿದ್ದಿಲ್ಲ.

ಮರುದಿನವೇ ಮಿಸ್ತ್ರಿ ಕೆತ್ತಿದ್ದ ಎರಡು ಬಾಣ ಹಿಡಿದು ವಡಾಲದ ಆಚೆಯ ಉಪ್ಪಿನ ಗದ್ದೆಗಳಿಗೆ ಹೋದೆವು. ಸುತ್ತ ಒಬ್ಬರೂ ಇಲ್ಲ. ಇವರು ಎದೆಯುಬ್ಬಿಸಿ ಎಳೆದರು. ಹದಿನಾಲ್ಕು ವರ್ಷ ಕಲ್ಲು ತಿರುಗಿಸಿದ ತೋಳಿಗೆ ಕೊನೆಗೂ ತಕ್ಕ ಭಾರ ಸಿಕ್ಕಿತ್ತು. ಬಾಣ ಹೊರಟದ್ದು ನನಗೆ ಕಾಣಲೇ ಇಲ್ಲ. ಗಾಳಿಯಲ್ಲಿ ಸೀರೆ ಹರಿದಂಥ ಸದ್ದು, ಅದಾದ ಮೇಲೆ ಎಷ್ಟೋ ಗದ್ದೆಗಳಾಚೆ, ಬೆಳ್ಳಗಿನ ಉಪ್ಪಿನ ರಾಶಿಯ ಹತ್ತಿರ ಒಂದು ಚುಕ್ಕೆ. ನಾನು ಬಾಯಿ ಮುಚ್ಚುವುದನ್ನೂ ಮರೆತು ನಿಂತಿದ್ದೆ.

ಮಿಸ್ತ್ರಿ ಬಾಣದ ಕಡೆ ನೋಡಿರಲೇ ಇಲ್ಲ. ಬಿಲ್ಲನ್ನು ಈಸಿಕೊಂಡು ಹೆದೆ ಇಳಿಸಿದರು, ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದರು, ಒಂದು ಜಾಗದಲ್ಲಿ ಬೆರಳು ನಿಲ್ಲಿಸಿದರು.

"ಬಿಟ್ಟಾಗ ಕೈಗೆ ಒಂಚೂರು ಒದೀತೇನ್ರಿ?"

ಒಂದು ಚೂರು ಒದ್ದದ್ದು ಹೌದು ಎಂದರು ಇವರು. ಮಿಸ್ತ್ರಿ ಜೇಬಿನಿಂದ ಗಾಜಿನ ಚೂರು ತೆಗೆದು, ಬದುವಿನ ಮೇಲೆ ಕೂತು, ಅದೇ ಜಾಗದಲ್ಲಿ ಎರಡು ಸಲ ಕೆರೆದರು. ಬಿದ್ದದ್ದು ಉಸಿರಿಗೆ ಹಾರುವಷ್ಟು. ನಾನು ಬಗ್ಗಿ ಎಷ್ಟು ನೋಡಿದರೂ ಮೊದಲಿನದಕ್ಕೂ ಈಗಿನದಕ್ಕೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಇವರು ಹೆದೆ ಏರಿಸಿ ಮತ್ತೊಂದು ಬಾಣ ಹೂಡಿ ಬಿಟ್ಟರು. ಬಿಟ್ಟ ಮೇಲೆ ತಮ್ಮ ಎಡಗೈಯನ್ನೇ ನೋಡಿಕೊಂಡರು.

"ಈಗ ಕೈಯಲ್ಲಿ ಏನೂ ಇಲ್ಲದ ಹಾಗೆ ಉಂಟು ಮಾರಾಯ್ರೆ."

ಮಿಸ್ತ್ರಿ ಗಾಜಿನ ಚೂರನ್ನು ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡರು. ಭಾನುವಾರ ಮಗ ಬಂದರೆ ಶೆಡ್ಡಿನಲ್ಲಿ ಕೆಲಸ ಐತಿ ಅಂತ ಹೇಳ್ರಿ, ಎಂದು ನನಗೆ ಹೇಳಿ, ಬಾಣ ಹುಡುಕಲು ಬದುವಿನ ಮೇಲೆ ಮುಂದೆ ನಡೆದರು.