ಡಾಂಬರ ಗುಳಿಗಿ

ಬನಹಟ್ಟಿಯ ಕಾಲೇಜೊಂದರಲ್ಲಿ ಅನುರಾಧಾ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನ್ಯಾಫ್ತಲೀನ್ ಪಾಠ ಅವಳಿಗೆ ಅಚ್ಚುಮೆಚ್ಚು. ಕಲ್ಲಿದ್ದಲಿನ ಡಾಂಬರನ್ನು ಕಾಸಿ ಬಟ್ಟಿ ಇಳಿಸಿ, ಬಂದ ಎಣ್ಣೆಯನ್ನು ತಣಿಸಿದರೆ ಬಿಳಿ ಹರಳು ಕೂಡುತ್ತದೆ. ಎರಡು ಬೆಂಜೀನ್ ಉಂಗುರಗಳು ಬೆಸೆದುಕೊಂಡ ವಸ್ತು ಅದು. ನೀರಿನಲ್ಲಿ ಕರಗದು, ದ್ರವವಾಗದೆ ನೇರವಾಗಿ ಆವಿಯಾಗುತ್ತದೆ.

"ಟ್ರಂಕಿನ್ಯಾಗ ಇಡತೀರಲ್ಲ ಡಾಂಬರ ಗುಳಿಗಿ, ಅದ ಇದು. ಅದರ ವಾಸನಿ ಬಂತಂದ್ರ ಅದ ನಿಮ್ಮ ಮೂಗಿನ್ಯಾಗ ಬಂದೈತಿ ಅಂತ ತಿಳೀರಿ," ಎನ್ನುತ್ತಿದ್ದಳು.

ಮದುವೆಯಾಗಿ ಆರು ವರ್ಷಕ್ಕೆ ಅವಳಿಗೆ ಗಂಡು ಮಗುವಾಯಿತು. ಮುಧೋಳದ ತವರಿನಿಂದ ಎರಡು ತಿಂಗಳ ಕೂಸನ್ನು ಕರೆತಂದ ದಿನ ಅತ್ತೆ ಶೇವಂತಿ ಟ್ರಂಕು ತೆರೆದು ಕೌದಿಯೊಂದನ್ನು ಹೊರತೆಗೆದಳು. ಮನೆಯ ಮಗ್ಗದಲ್ಲಿ ನೇಯ್ದ ಸೀರೆಗಳ ತುಂಡು ಕೂಡಿಸಿ, ಸೊಸೆ ಬಂದ ವರ್ಷವೇ ಹೊಲಿದಿದ್ದಳು. ನುಸಿ ಹತ್ತಬಾರದೆಂದು ಮುಷ್ಟಿಗಟ್ಟಲೆ ಗುಳಿಗೆ ಹಾಕಿಟ್ಟಿದ್ದಳು. ಕೋಣೆಯೆಲ್ಲ ಘಾಟು ಹರಡಿತು. ಒಂದು ದಿನ ಬಿಸಿಲಿಗೆ ಹಾಕೋಣ ಎನ್ನಬೇಕೆಂದಿದ್ದ ಅನುರಾಧಾ, ಅತ್ತೆಯ ಮುಖದ ಹಿಗ್ಗು ನೋಡಿ ಸುಮ್ಮನಾದಳು. ಶೇವಂತಿ ಅದನ್ನೇ ಕೂಸಿಗೆ ಹೊಚ್ಚಿದಳು.

ಮೂರನೆಯ ದಿನ ಕೂಸಿನ ಕಣ್ಣು ಹಳದಿಯಾದವು. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಗಂಡ ರಾಹುಲ ತಾಯಿ-ಕೂಸು ಇಬ್ಬರನ್ನೂ ಜಮಖಂಡಿಯ ದವಾಖಾನೆಗೆ ಕರೆದೊಯ್ದ. ರಕ್ತ ಕೊಟ್ಟರು. ಮರುದಿನ ಮಧ್ಯಾಹ್ನ ಕೂಸು ತೀರಿಕೊಂಡಿತು.

"ಡಾಂಬರ ಗುಳಿಗಿ ಇಟ್ಟ ಬಟ್ಟಿ ಹೊಚ್ಚಿದ್ರೇನು?" ಎಂದು ಡಾಕ್ಟರು ಕೇಳಿದರು. "ಕೆಲವು ಕೂಸುಗಳ ರಕ್ತಕ್ಕ ಅದನ್ನ ತಡಕೊಳ್ಳೋ ಶಕ್ತಿ ಹುಟ್ಟಿನಿಂದಾನ ಇರೂದಿಲ್ಲ. ರಕ್ತಕಣ ಒಡೀತಾವು."

ಹೊರಗೆ ಬಂದು ಅನುರಾಧಾ ಗಂಡನಿಗೆ ಹೇಳಿದ್ದು ಒಂದೇ ಮಾತು: "ಅತ್ತಿಯವರಿಗೆ ಹೇಳಬ್ಯಾಡ್ರಿ."

ಕಾಮಾಲೆಯಾಗಿ ಕೂಸು ಹೋಯಿತೆಂದು ಊರೆಲ್ಲ ನಂಬಿತು. ಎರಡು ವರ್ಷ ಕಳೆದವು. ನಾದಿನಿ ಬಾಣಂತನಕ್ಕೆ ಬಂದಳು; ಹೆಣ್ಣು ಹುಟ್ಟಿತು. ಶೇವಂತಿ ಅದೇ ಟ್ರಂಕಿನಿಂದ ಇನ್ನೊಂದು ಕೌದಿ ತೆಗೆದಾಗ ಅನುರಾಧಾ ಓಡಿಬಂದು ಕಸಿದುಕೊಂಡಳು.

"ಯಾಕವಾ? ನನ್ನ ಕೌದಿ ಅಪಶಕುನ ಏನು?"

ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ಎಲ್ಲವನ್ನೂ ಹೇಳಿದಳು. ಶೇವಂತಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಹಂಗಾರ ನನ್ನ ಕೈಲೇ ಹೋತೇನ ಅದು?"

"ಇಲ್ರಿ ಅತ್ತಿ. ನಿಮಗ ಗೊತ್ತಿರಲಿಲ್ಲ. ಅದರ ಪಾಠ ಮಾಡಾಕಿ ನಾನು. ನನಗೂ ವಾಸನಿ ಬಂದಿತ್ತು. ಸುಮ್ಮನಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅವತ್ತೇ ಟ್ರಂಕನ್ನು ಖಾಲಿ ಮಾಡಿದರು. ನಾದಿನಿಯ ಕೂಸು ಆರೋಗ್ಯವಾಗಿದೆ. ಆದರೆ ಶೇವಂತಿ ಮತ್ತೆ ಸೂಜಿ ಹಿಡಿಯಲಿಲ್ಲ. ಮೊಮ್ಮಗಳನ್ನು ತಂದು ತೊಡೆಯ ಮೇಲೆ ಮಲಗಿಸಿದರೆ, ಮೊದಲು ತನ್ನ ಕೈಯನ್ನು ಮೂಸಿ ನೋಡಿಕೊಂಡು, ಆಮೇಲೆ ಮುಟ್ಟುತ್ತಾಳೆ.