ಹುಳಿ ಹೆಂಡದ ಖೆನೆತ್

ಬಿಳಿಗೋಡೆ ಪಟ್ಟಣದ ಅರಮನೆಯಲ್ಲಿ ಖೆನೆತ್ ಹುದುಗಿಸಿದ ಜವೆಗೋಧಿ ಹೆಂಡಕ್ಕೆ ಸಾಟಿಯಿರಲಿಲ್ಲ. ದೊರೆ ಹೋತೆಪ್‌ಸೆಖೆಮ್ವಿ ಊಟಕ್ಕೆ ಕೂತರೆ ಅವಳ ಗಡಿಗೆಯನ್ನೇ ಕೇಳುತ್ತಿದ್ದ. ಮೇಲ್ನಾಡು ಕೆಳನಾಡುಗಳ ಜಗಳವನ್ನು ತಣ್ಣಗೆ ಮಾಡಿದವನೆಂದು ಜನ ಕೊಂಡಾಡುವ ದೊರೆ. ಅಂಥವನಿಗೆ ತನ್ನ ಕೈರುಚಿ ಹಿಡಿಸಿದೆಯೆಂದು ಅವಳು ಬಹಳ ವರ್ಷ ಬೀಗಿದ್ದಳು. ಅವನು ಹಾಸಿಗೆ ಹಿಡಿದದ್ದೇ ತಡ, ಆ ಜಂಬವೆಲ್ಲ ಭಯವಾಯಿತು.

ಕಾರಣ ಅವಳ ಅಣ್ಣ. ಹಿಂದಿನ ದೊರೆ ತೀರಿಕೊಂಡಾಗ, ಅವನಿಗೆ ಚಪ್ಪಲಿ ಹೊಲಿಯುತ್ತಿದ್ದ ಅಣ್ಣನನ್ನೂ ದೊರೆಗಳನ್ನು ಹೂಳುವ ಅಬಿಡೋಸಿನ ಮರಳಿಗೆ ಕರೆದೊಯ್ದರು. ದೊರೆಯ ಗೋರಿಯ ಪಕ್ಕ ಒಂದು ಪುಟ್ಟ ಗುಂಡಿ, ಹೆಸರು ಕೆತ್ತಿದ ಒಂದು ಕಲ್ಲು. ಆಚೆ ಲೋಕದಲ್ಲೂ ದೊರೆಗೆ ಮೆಚ್ಚಿನವರು ಬೇಕಲ್ಲ! ಅಮ್ಮ ಅದನ್ನು ಮನೆತನದ ಹೆಮ್ಮೆಯೆಂದು ಹೇಳಿಕೊಂಡಳು, ಸಾಯುವ ತನಕ ಬಾಗಿಲ ಕಡೆಗೇ ನೋಡಿದಳು.

ಖೆನೆತ್‌ಗೆ ಸಾಯುವ ಮನಸ್ಸಿರಲಿಲ್ಲ. ಮಗಳು ಬಸುರಿ. ಹಾಗಾಗಿ ಬೇಕೆಂದೇ ಹೆಂಡ ಕೆಡಿಸತೊಡಗಿದಳು. ಹುಳಿ ಹೆಂಡ ಮಾಡುವವಳನ್ನು ಯಾವ ದೊರೆ ಜೊತೆಗೆ ಕರೆದೊಯ್ಯುತ್ತಾನೆ?

ಈ ಬುದ್ಧಿ ತನಗೊಬ್ಬಳಿಗೇ ಹೊಳೆಯಿತೆಂದುಕೊಂಡಿದ್ದಳು, ಪಾಪ. ಅರಮನೆ ತುಂಬ ಅದೇ ರೋಗ. ರೊಟ್ಟಿ ಸೀದು ಬರುತ್ತಿತ್ತು, ಕ್ಷೌರಿಕ ಗಲ್ಲ ಕೊಯ್ಯುತ್ತಿದ್ದ, ದೊರೆಯನ್ನು ನಗಿಸುವುದೇ ಕೆಲಸವಾಗಿದ್ದ ಕುಳ್ಳ ದೆಗಿ ಹಳಸಲು ತಮಾಷೆಗಳನ್ನೇ ಮತ್ತೆ ಮತ್ತೆ ಒದರುತ್ತಿದ್ದ. ಕಾಯಿಲೆಯ ಮುದಿ ದೊರೆ ಎಲ್ಲವನ್ನೂ ನುಂಗಿಕೊಂಡ.

ಒಂದು ಬೆಳಿಗ್ಗೆ ದೆಗಿ ತುಂಬಿದ ಗಡಿಗೆಯನ್ನು ಹಾಗೇ ವಾಪಸು ತಂದಿಟ್ಟ.

"ಅಕ್ಕಾ, ಸಿಕ್ಕಿಬಿದ್ವಿ."

ಖೆನೆತ್‌ಳ ಕೈ ಗಡಿಗೆಯ ಮುಚ್ಚಳಕ್ಕೆ ಹೋಯಿತು. "ದೊರೆ ಏನಂದ್ರೋ?"

"ನಮ್ಮನೇಲಿ ಎಲ್ರ ಕೈಗೂ ಒಟ್ಟಿಗೆ ಏನಾಯ್ತು ಅಂತ ಕಾರಭಾರೀನ ಕೇಳಿದ್ರಂತೆ. ಅವನು ಬಾಯಿಬಿಟ್ಟ."

"ಮುಗೀತು ಬಿಡು ನಮ್ಮ ಕಥೆ."

"ಪೂರ್ತಿ ಕೇಳು. ದೊರೆಗೆ ನಗು ತಡೆಯಕ್ಕಾಗ್ಲಿಲ್ವಂತೆ. 'ನನ್ನ ಗೋರೀಲಿ ನಂದೊಂದೇ ಹಾಸಿಗೆ, ಪಕ್ಕದ ಗುಂಡಿ ಒಂದೂ ತೋಡ್ಸಿಲ್ಲ, ಇನ್ನಾದ್ರೂ ಖೆನೆತ್ ಒಂದು ಗುಟುಕು ಒಳ್ಳೇದು ಕಳಿಸ್ಲಿ' ಅಂದ್ರಂತೆ. ನನ್ನ ಜನ್ಮದಲ್ಲಿ ನಾನು ಅಷ್ಟು ನಗಿಸಿಲ್ಲ ನೋಡು ಅವರನ್ನ."

ಅವಳು ಒಲೆಯ ಪಕ್ಕ ಕುಸಿದು ಕೂತು ಮನಸಾರೆ ಅತ್ತಳು. ಎದೆಯ ಮೇಲಿದ್ದ ಕಲ್ಲುಚಪ್ಪಡಿ ಸರಿದಂತಾಗಿತ್ತು. ಆಮೇಲೆ ಸೆರಗು ಬಿಗಿದು, ಒಳ್ಳೆಯ ಜವೆಗೋಧಿ ಆರಿಸಿ, ಖರ್ಜೂರ ಹಾಕಿ ಹೊಸ ಗಡಿಗೆ ಇಟ್ಟಳು. ಅದು ಹದಕ್ಕೆ ಬರುವಷ್ಟರಲ್ಲಿ ದೊರೆ ಕಣ್ಣು ಮುಚ್ಚಿದ.

ಆ ಗಡಿಗೆಯನ್ನು ಅವಳೇ ಹೊತ್ತುಕೊಂಡು ಪಡುವಣ ದಿಬ್ಬದ ಗೋರಿಗೆ ಇಳಿದಳು. ಪಕ್ಕದಲ್ಲಿ ನಿಜವಾಗಿಯೂ ಗುಂಡಿಗಳಿರಲಿಲ್ಲ. "ಇದು ಹುಳಿಯಿಲ್ಲ, ದೊರೆ. ತಪ್ಪಾಯ್ತು," ಎಂದು ಗಡಿಗೆ ಇಟ್ಟು, ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದಳು. ಮೇಲೆ ಮಗಳು ಕೂಸನ್ನೆತ್ತಿಕೊಂಡು ಕಾಯುತ್ತಿದ್ದಳು.

ಮುಂದಿನ ದೊರೆ ತೀರಿಕೊಂಡಾಗಲೂ ಯಾರನ್ನೂ ಜೊತೆಗೆ ಕಳಿಸಲಿಲ್ಲ. ಆ ಹೊತ್ತಿಗೆ ಅರಮನೆಯ ಚಪ್ಪಲಿ ಹೊಲಿಯುತ್ತಿದ್ದವನು ಖೆನೆತ್‌ಳ ಮೊಮ್ಮಗ. ಅವತ್ತು ಅವಳು ಬೆಳಿಗ್ಗೆಯಿಂದ ಬಾಗಿಲಲ್ಲೇ ಕೂತಿದ್ದಳು. ಅವನು ಮಣ್ಣು ಮುಗಿಸಿಕೊಂಡು ಸಂಜೆ ಊಟಕ್ಕೆ ಮನೆಗೆ ಬಂದ.